ಸ್ಪ್ರಿಂಗ್ ಏರ್ ರೈಫಲ್: ಡಬ್ಬದ ಮೇಲಿನ ವೇಗ ಬಿಡಿ, ಟ್ರಿಗರ್ ನೋಡಿ

ಸ್ಪ್ರಿಂಗ್ ಏರ್ ರೈಫಲ್ ತಗೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಎಫ್‌ಪಿಎಸ್ ಬರುತ್ತೆ?" ಅಂತ. ಅಂದರೆ ಪೆಲೆಟ್ (ಇದರಲ್ಲಿ ಹಾಕುವ ಪುಟ್ಟ ಲೋಹದ ಗುಂಡು) ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಅನ್ನುವ ಲೆಕ್ಕ. ಡಬ್ಬದ ಮೇಲೆ 1000, 1200 ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವುದರ ಮೇಲೆ ಸಂಖ್ಯೆ ಜಾಸ್ತಿ ಇದೆಯೋ ಅದೇ ಒಳ್ಳೆಯದು ಅಂದುಕೊಂಡು ಮನೆಗೆ ತರುತ್ತಾರೆ. ಆಮೇಲೆ 10 ಮೀಟರ್ ದೂರದ ಕಾಗದದ ಮೇಲೆ ತೂತುಗಳು ಅಂಗೈಯಗಲ ಚದುರಿ ಬೀಳುತ್ತವೆ, ಕಾಕ್ ಮಾಡಿ ಮಾಡಿ (ಪ್ರತಿ ಏಟಿಗೂ ಮೊದಲು ಸ್ಪ್ರಿಂಗ್ ಒತ್ತಿ ಸಜ್ಜು ಮಾಡುವುದು) ತೋಳು ನೋಯುತ್ತದೆ, ಸ್ವಲ್ಪ ದಿನಕ್ಕೆ ರೈಫಲ್ ಮೂಲೆ ಸೇರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು. ಇದು ತುಂಬಾ ಜನಕ್ಕೆ ಆಗಿರುವುದು, ಹಾಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಇಲ್ಲಿ ಮುಖ್ಯವಾಗಿ ಹೇಳಲು ಹೊರಟಿರುವುದು ಜರ್ಮನಿಯ ವೈರೌಖ್ ಕಂಪನಿಯ ಎಚ್‌ಡಬ್ಲ್ಯೂ 30 ಎಸ್ ಬಗ್ಗೆ. ನಾನು ಅತಿ ಹೆಚ್ಚು ಬಳಸುವ ರೈಫಲ್ ಅದು. ಆದರೆ ಅದೊಂದನ್ನೇ ಹೊಗಳಿದರೆ ನಿಮಗೆ ಉಪಯೋಗ ಇಲ್ಲ. ಅದು ಯಾಕೆ ಚೆನ್ನಾಗಿದೆ ಅಂತ ಗೊತ್ತಾದರೆ ಬೇರೆ ಯಾವ ರೈಫಲ್ ಕೈಗೆತ್ತಿಕೊಂಡರೂ ಅಳೆಯಲು ಬರುತ್ತದೆ. ಅದಕ್ಕೆ ಮೊದಲು ವೇಗದ ವಿಷಯ ಮುಗಿಸಿಬಿಡೋಣ.

ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಬರುವುದು ಹಗುರವಾದ ಮಿಶ್ರಲೋಹದ ಪೆಲೆಟ್ ಹಾಕಿದಾಗ. ಸೀಸದ ಪೆಲೆಟ್ ಹಾಕಿದರೆ ಅದೇ ರೈಫಲ್‌ನಲ್ಲಿ ವೇಗ ಎಷ್ಟೋ ಇಳಿಯುತ್ತದೆ. ವೇಗ ಇಳಿದ ಮಾತ್ರಕ್ಕೆ ಶಕ್ತಿ ಅಷ್ಟೇ ಇಳಿಯುವುದಿಲ್ಲ, ಯಾಕೆಂದರೆ ತೂಕ ಜಾಸ್ತಿ ಆಗಿದೆಯಲ್ಲ. ಲೆಕ್ಕ ಸುಲಭ. ಪೆಲೆಟ್ ತೂಕವನ್ನು ಗ್ರೇನ್ ಅನ್ನುವ ಸಣ್ಣ ಅಳತೆಯಲ್ಲಿ ತಗೊಳ್ಳಿ, ಅದನ್ನು ವೇಗದ ವರ್ಗದಿಂದ ಗುಣಿಸಿ, 450240ರಿಂದ ಭಾಗಿಸಿ, ಅಡಿ-ಪೌಂಡ್‌ನಲ್ಲಿ ಶಕ್ತಿ ಬರುತ್ತದೆ. 8.44 ಗ್ರೇನ್ ಪೆಲೆಟ್ ಸೆಕೆಂಡಿಗೆ 790 ಅಡಿ ಹೋದರೆ 11.7 ಅಡಿ-ಪೌಂಡ್, ಜೂಲ್‌ನಲ್ಲಿ ಹೇಳಿದರೆ ಹತ್ತಿರ ಹತ್ತಿರ 16. ಕಾಗದಕ್ಕೆ, ಲೋಹದ ಗುರಿಗಳಿಗೆ ಇಷ್ಟು ಧಾರಾಳ ಸಾಕು. ಇನ್ನೊಂದು ವಿಷಯ ಇದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ 1125 ಅಡಿ. ಸೊಂಟ ಸಣ್ಣಗಿರುವ, ಹಿಂಭಾಗ ಟೊಳ್ಳಾಗಿರುವ ಮಾಮೂಲಿ ಪೆಲೆಟ್ ಆ ವೇಗದ ಹತ್ತಿರ ಹೋದರೆ ಗಾಳಿಯಲ್ಲಿ ತೂರಾಡುತ್ತದೆ. ಹಾಗಾಗಿ 1200 ಅಂತ ಹೆಮ್ಮೆಯಿಂದ ಬರೆದ ವೇಗ ನಿಜವಾಗಿ ಬಂದರೂ ಅದರಿಂದ ಗುರಿ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. ಜೊತೆಗೆ ಪೆಲೆಟ್ ತೀರಾ ಹಗುರವಾದರೆ ಪಿಸ್ಟನ್‌ಗೆ ಎದುರು ತಡೆ ಸಿಗುವುದಿಲ್ಲ, ಅದು ಹೋಗಿ ಸಿಲಿಂಡರಿನ ತುದಿಗೆ ಬಡಿಯುತ್ತದೆ. ಸ್ಪ್ರಿಂಗು, ಸೀಲು ಎರಡಕ್ಕೂ ಕೇಡು.

ಸ್ಪ್ರಿಂಗ್ ರೈಫಲ್ ಒಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಬ್ಯಾರೆಲ್ ಮುರಿದಾಗ (ಅಂದರೆ ಅದರ ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿದಾಗ) ಅಥವಾ ಲಿವರ್ ಎಳೆದಾಗ ಪಿಸ್ಟನ್ ಹಿಂದಕ್ಕೆ ಹೋಗಿ ದಪ್ಪ ಸ್ಪ್ರಿಂಗ್ ಅನ್ನು ಒತ್ತಿ ಹಿಡಿಯುತ್ತದೆ. ಹಿಂದಿರುವ ಒಂದು ಕೊಕ್ಕೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ, ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಅದರ ಮುಂದಿದ್ದ ಗಾಳಿ ಕ್ಷಣದಲ್ಲಿ ಒತ್ತಿಕೊಂಡು ಕಾದು, ಒಂದು ಸಣ್ಣ ರಂಧ್ರದ ಮೂಲಕ ಪೆಲೆಟ್ ಹಿಂದೆ ಹೋಗಿ ಅದನ್ನು ತಳ್ಳುತ್ತದೆ. ಅಂದರೆ ನೀವು ತುಂಬಿಟ್ಟ ಗಾಳಿ ಅಲ್ಲ ಅದು. ಪ್ರತಿ ಏಟಿಗೂ ಆಗಲೇ ತಯಾರಾಗುವ ಗಾಳಿ. ಗಾಳಿ ತುಂಬಿದ ಸಿಲಿಂಡರ್ ಬೇಡ, ಪಂಪ್ ಬೇಡ, ಪೆಲೆಟ್ ಒಂದಿದ್ದರೆ ಸಾಕು. ಸ್ಪ್ರಿಂಗ್ ರೈಫಲ್ ನನಗೆ ಇಷ್ಟ ಆಗುವುದೇ ಇದಕ್ಕೆ.

ಕಷ್ಟ ಇರುವುದೂ ಇಲ್ಲೇ. ಪಿಸ್ಟನ್ ಮುಂದಕ್ಕೆ ಹಾರುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ತುದಿಗೆ ಹೋಗಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಒಂದೇ ಏಟಿನಲ್ಲಿ ಎರಡು ದಿಕ್ಕಿನ ಕುಲುಕು. ಈ ಗಲಾಟೆ ಶುರುವಾದಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಅದು ಹೊರಗೆ ಹೋಗುವಷ್ಟರಲ್ಲಿ ರೈಫಲ್ ಸ್ವಲ್ಪ ಅಲುಗಿರುತ್ತದೆ, ಅಲುಗಾಟ ಪ್ರತಿಸಲ ಒಂದೇ ಥರ ಇದ್ದರೆ ಪೆಲೆಟ್ ಒಂದೇ ಕಡೆ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಸ್ಪ್ರಿಂಗ್ ಬಲ ಜಾಸ್ತಿ ಮಾಡಿದಷ್ಟೂ ಈ ಕುಲುಕು ಜಾಸ್ತಿ, ಕಾಕ್ ಮಾಡುವ ಶ್ರಮವೂ ಜಾಸ್ತಿ. ಹಾಗಾದರೆ ಒಳ್ಳೆಯ ಸ್ಪ್ರಿಂಗ್ ರೈಫಲ್ ಅಂದರೆ ಯಾವುದು? ಪ್ರತಿ ಏಟಿಗೂ ಒಂದೇ ರೀತಿ ನಡೆದುಕೊಳ್ಳುವುದು. ಅಷ್ಟೇ. ಟ್ರಿಗರ್ ಒಂದೇ ಜಾಗದಲ್ಲಿ ಬಿಡಬೇಕು, ಬ್ಯಾರೆಲ್ ಒಂದೇ ಜಾಗಕ್ಕೆ ಬಂದು ಕೂರಬೇಕು, ಸ್ಪ್ರಿಂಗ್ ಒಂದೇ ಥರ ಬಿಚ್ಚಿಕೊಳ್ಳಬೇಕು.

ಈಗ ಎಚ್‌ಡಬ್ಲ್ಯೂ 30 ಎಸ್ ಕಡೆ ಬರೋಣ. ವೈರೌಖ್ 1899ರಲ್ಲಿ ಶುರುವಾದ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೆಲ್ರಿಷ್‌ಸ್ಟಾಟ್ ಅನ್ನುವ ಊರಿಗೆ ಬಂತು, ಹಿಂದೆ ಸೈಕಲ್ ಕೂಡ ಮಾಡುತ್ತಿದ್ದರು. ಎಚ್‌ಡಬ್ಲ್ಯೂ 30 ಅವರ ಚಿಕ್ಕ ರೈಫಲ್‌ಗಳಲ್ಲಿ ಒಂದು. ಬ್ಯಾರೆಲ್ ಮುರಿದು ಕಾಕ್ ಮಾಡುವ ಮಾದರಿ. ತೂಕ ಸುಮಾರು 2.5 ಕೆ.ಜಿ. ಅಮೆರಿಕದಲ್ಲಿ ಇದನ್ನೇ ಬೀಮನ್ ಆರ್ 7 ಅನ್ನುವ ಹೆಸರಲ್ಲಿ ಮಾರಿದ್ದಾರೆ. ಶಕ್ತಿ ಕಡಿಮೆಯೇ, ಜರ್ಮನಿಯಲ್ಲಿ ಅಲ್ಲಿನ 7.5 ಜೂಲ್ ಮಿತಿಯೊಳಗೆ ಬರುತ್ತದೆ. 7.5 ಜೂಲ್ ಅಂದರೆ 0.547 ಗ್ರಾಂ ಪೆಲೆಟ್ ಸೆಕೆಂಡಿಗೆ ಸುಮಾರು 165 ಮೀಟರ್ ಹೋದ ಹಾಗೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವಂಥ ಸಂಖ್ಯೆ ಇದಲ್ಲ.

ಇದರ ಜೀವ ಇರುವುದು ಟ್ರಿಗರ್‌ನಲ್ಲಿ. ಹೆಸರಿನ ಕೊನೆಯಲ್ಲಿ "ಎಸ್" ಇದ್ದರೆ ಅದರಲ್ಲಿ ರೆಕಾರ್ಡ್ ಟ್ರಿಗರ್ ಇದೆ ಅಂತ. ವೈರೌಖ್‌ನವರು 1950ರ ದಶಕದಿಂದ ಮಾಡಿಕೊಂಡು ಬಂದಿರುವ ಟ್ರಿಗರ್ ಇದು, ಹೊಸದು ಅಂತ ಬದಲಾಯಿಸುವ ಅಗತ್ಯವೇ ಅವರಿಗೆ ಬಂದಿಲ್ಲ. ಎಲ್ಲಾ ಲೋಹದ್ದು, ಒಂದು ಪುಟ್ಟ ಪೆಟ್ಟಿಗೆಯಂತೆ ಪೂರ್ತಿ ಬಿಡಿಯಾಗಿ ಹೊರಗೆ ಬರುತ್ತದೆ. ಬೆರಳಿಟ್ಟು ಎಳೆದರೆ ಮೊದಲು ಸ್ವಲ್ಪ ದೂರ ಹಗುರವಾಗಿ ಬರುತ್ತದೆ. ಆಮೇಲೆ ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಗೋಡೆ ಸಿಕ್ಕ ಹಾಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಲ್ಲಿ ನಿಂತು, ಉಸಿರು ಹಿಡಿದು, ಗುರಿ ಸರಿಯಾಗಿದೆಯಾ ಅಂತ ಮತ್ತೊಮ್ಮೆ ನೋಡಿ, ಇನ್ನೊಂದು ಚೂರು ಒತ್ತಡ ಹಾಕಿದರೆ ಬೆರಳು ಅಲುಗಿದ್ದೇ ತಿಳಿಯದ ಹಾಗೆ ಬಿಡುತ್ತದೆ. ಎಳೆತದಲ್ಲಿ ಕರಕರ ಇಲ್ಲ, ಜಗ್ಗಾಟ ಇಲ್ಲ. ಟ್ರಿಗರ್ ಗಾರ್ಡ್ ಒಳಗೆ ಕಾಣುವ ಸ್ಕ್ರೂ ತಿರುಗಿಸಿ ಎಷ್ಟು ಒತ್ತಡಕ್ಕೆ ಬಿಡಬೇಕು ಅಂತ ಹೊಂದಿಸಿಕೊಳ್ಳಬಹುದು. ತೀರಾ ಹಗುರ ಮಾಡಲು ಹೋಗಬೇಡಿ, ಕಾರ್ಖಾನೆಯಿಂದ ಬಂದದ್ದಕ್ಕಿಂತ ಸ್ವಲ್ಪ ಇಳಿಸಿದರೆ ಸಾಕು.

ಕಡಿಮೆ ದರ್ಜೆಯ ರೈಫಲ್‌ನ ಟ್ರಿಗರ್ ಒಮ್ಮೆ ಎಳೆದು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಎಳೆಯುತ್ತಲೇ ಇರಬೇಕು, ಯಾವಾಗ ಬಿಡುತ್ತದೋ ದೇವರಿಗೇ ಗೊತ್ತು, ಬಿಡುವ ಹೊತ್ತಿಗೆ ಮಣಿಕಟ್ಟು ಬಿಗಿದು ನಳಿಕೆ ಬಲಕ್ಕೆ ತಿರುಗಿರುತ್ತದೆ. ಕೆಲವು ರೈಫಲ್‌ಗಳಲ್ಲಿ ಸ್ಕ್ರೂ ಇರುತ್ತದೆ, ಆದರೆ ಅದು ಕೊಕ್ಕೆ ಎಷ್ಟು ಆಳ ಹಿಡಿದಿರಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಅದನ್ನು ತಿರುಗಿಸಿ ಎಳೆತ ಕಡಿಮೆ ಮಾಡಲು ಹೋದರೆ ಸ್ವಲ್ಪ ತಟ್ಟಿದರೂ ತಾನಾಗಿ ಹಾರುವ ಅಪಾಯ ಇದೆ. ಅಂಥದ್ದನ್ನು ಸುಮ್ನೆ ಮುಟ್ಟಬೇಡಿ.

ಕಾಕ್ ಮಾಡುವುದು ಇದರಲ್ಲಿ ಆಟದಷ್ಟು ಹಗುರ. ಇದು ಸಣ್ಣ ವಿಷಯ ಅಲ್ಲ. ಗುರಿ ಕಲಿಯುವುದು ಅಂದರೆ ದಿನಾ ಎಷ್ಟೋ ಪೆಲೆಟ್ ಹೊಡೆಯಬೇಕು. ಬಿಗಿಯಾದ ಸ್ಪ್ರಿಂಗ್ ಇರುವ ರೈಫಲ್‌ನಲ್ಲಿ ಅರ್ಧ ಗಂಟೆಗೆ ತೋಳು ನಡುಗಲು ಶುರುವಾಗುತ್ತದೆ, ತೋಳು ನಡುಗಿದ ಮೇಲೆ ಹೊಡೆದ ಪೆಲೆಟ್‌ಗಳಿಂದ ಏನೂ ಕಲಿತ ಹಾಗಾಗುವುದಿಲ್ಲ. ಎಚ್‌ಡಬ್ಲ್ಯೂ 30 ಎಸ್ ಹಿಡಿದು ಕೂತರೆ ಬೇಸರ ಬರುವವರೆಗೆ ಹೊಡೆಯಬಹುದು, ಬೇಸರ ಬರುವುದೇ ಇಲ್ಲ ಅನ್ನುವುದು ಬೇರೆ ಮಾತು. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದು ಅವರಿಗೆ ದೊಡ್ಡವರ ಎದುರು ಕಲಿಸಬೇಕು ಅಂತಿದ್ದರೂ ಇದೇ ಸರಿ.

ಸಿಡಿದಾಗಿನ ಅನುಭವ ಹೇಳಲೇಬೇಕು. ಒಂದು ಗಟ್ಟಿ "ಠಪ್", ಮುಗಿಯಿತು. ಕುಲುಕು ಇದೆ, ಆದರೆ ಸಣ್ಣದು. ಹೊಸದರಲ್ಲಿ ಸ್ಪ್ರಿಂಗ್ ಸ್ವಲ್ಪ "ಟ್ರ್ಯಾಂಗ್" ಅನ್ನುತ್ತದೆ, ಕೆನ್ನೆ ಸ್ಟಾಕ್‌ಗೆ (ಭುಜಕ್ಕೆ ಕೊಟ್ಟು ಹಿಡಿಯುವ ಭಾಗಕ್ಕೆ) ಒತ್ತಿದ್ದರಿಂದ ಆ ಅದುರು ದವಡೆಗೆ ತಿಳಿಯುತ್ತದೆ. ಇದು ನನಗೆ ಇಷ್ಟವಾಗದ ವಿಷಯ. ಸ್ಪ್ರಿಂಗ್ ಒಳಗೆ ಹೋಗುವ ಗೈಡ್ ಸ್ವಲ್ಪ ಸಡಿಲ ಇರುವುದರಿಂದ ಆಗುವುದು ಇದು. ಸ್ಪ್ರಿಂಗ್‌ಗೆ ಬಿಗಿಯಾಗಿ ಕೂರುವ ಗೈಡ್ ಹಾಕಿಸಿ, ಸರಿಯಾದ ಅಂಟು ಗ್ರೀಸ್ ತೆಳ್ಳಗೆ ಸವರಿದರೆ ಹೋಗುತ್ತದೆ. ಸ್ಪ್ರಿಂಗ್ ಬಿಚ್ಚುವ ಕೆಲಸ ಮಾತ್ರ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಯಾರೂ ಮಾಡಬಾರದು, ಒಳಗಿನ ಸ್ಪ್ರಿಂಗ್ ಕಾಕ್ ಮಾಡದಿದ್ದರೂ ಒತ್ತಡದಲ್ಲೇ ಇರುತ್ತದೆ.

ಇಷ್ಟವಾಗದ್ದು ಇನ್ನೂ ಒಂದೆರಡಿದೆ. ಸೇಫ್ಟಿ ಗುಂಡಿ ಹಿಂಭಾಗದ ಎಡಗಡೆ ಇರುತ್ತದೆ. ಕಾಕ್ ಮಾಡಿದ ತಕ್ಷಣ ತಾನಾಗಿ ಬೀಳುತ್ತದೆ, ಅದು ಒಳ್ಳೆಯದು. ಆದರೆ ಒಮ್ಮೆ ತೆಗೆದ ಮೇಲೆ ಮತ್ತೆ ಹಾಕಬೇಕು ಅಂದರೆ ಬ್ಯಾರೆಲ್ ಇನ್ನೊಮ್ಮೆ ಮುರಿಯಬೇಕು. ಎಡಗೈಯವರಿಗೆ ಅದು ಕೈಗೆ ಸಿಗುವ ಜಾಗದಲ್ಲೂ ಇಲ್ಲ. ಸ್ಟಾಕ್ ಸ್ಕ್ರೂಗಳು ಹೊಡೆಯುತ್ತಾ ಹೊಡೆಯುತ್ತಾ ಸಡಿಲವಾಗುತ್ತವೆ. ಇದು ಎಲ್ಲಾ ಸ್ಪ್ರಿಂಗ್ ರೈಫಲ್‌ಗಳ ಹಣೆಬರಹ, ಇದರದ್ದೊಂದೇ ಅಲ್ಲ. ಇದ್ದಕ್ಕಿದ್ದಂತೆ ಗುರಿ ಕೆಟ್ಟಿತು ಅಂದರೆ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ಇನ್ನು ದೂರದ ಮಾತು. 25 ಮೀಟರ್ ದಾಟಿದ ಮೇಲೆ ಪೆಲೆಟ್ ಬೇಗ ಕೆಳಗಿಳಿಯುತ್ತದೆ, ಸ್ವಲ್ಪ ಗಾಳಿ ಬೀಸಿದರೂ ಪಕ್ಕಕ್ಕೆ ಹೋಗುತ್ತದೆ. 40, 50 ಮೀಟರ್ ಹೊಡೆಯುವ ಆಸೆ ಇರುವವರಿಗೆ ಇದು ಅಲ್ಲ.

ಗುರಿಕಟ್ಟುಗಳ, ಅಂದರೆ ಗುರಿ ನೋಡಲು ರೈಫಲ್ ಮೇಲೆ ಹಿಂದೆ ಮುಂದೆ ಇರುವ ಸಾಧನಗಳ ಬಗ್ಗೆ ಮಾತ್ರ ತಕರಾರಿಲ್ಲ. ಮುಂದಿನದು ಕೊಳವೆಯೊಳಗೆ ಕೂರುವ ಥರದ್ದು, ಒಳಗಿನ ತುಂಡು ಬದಲಿಸಬಹುದು, ಕಡ್ಡಿ ಬೇಕಾದರೆ ಕಡ್ಡಿ, ಉಂಗುರ ಬೇಕಾದರೆ ಉಂಗುರ. ಹಿಂದಿನದು ಲೋಹದ್ದು, ಮೇಲೆ ಕೆಳಗೆ, ಅಕ್ಕಪಕ್ಕ ಕ್ಲಿಕ್ ಕ್ಲಿಕ್ ಅಂತ ತಿರುಗುತ್ತದೆ. ಈಗಿನ ಎಷ್ಟೋ ರೈಫಲ್‌ಗಳಲ್ಲಿ ಹೊಳೆಯುವ ಹಸಿರು-ಕೆಂಪು ಪ್ಲಾಸ್ಟಿಕ್ ಚುಕ್ಕಿ ಹಾಕುತ್ತಾರೆ. ನೋಡಲು ಚೆಂದ, ಆದರೆ ಆ ಚುಕ್ಕಿ ಸಣ್ಣ ಗುರಿಯನ್ನೇ ಮುಚ್ಚಿಬಿಡುತ್ತದೆ. 10 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕಿ ಬರೀ 0.5 ಮಿಲಿಮೀಟರ್, ಪೆಲೆಟ್ 4.5 ಮಿಲಿಮೀಟರ್. ಲೋಹದ ಗುರಿಕಟ್ಟಿನಲ್ಲೇ ಆ ಹಲಗೆಯ ಕಪ್ಪು ವೃತ್ತದ ಮೇಲೆ ಕಲಿತು ನೋಡಿ, ಆಮೇಲೆ ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು) ಯೋಚನೆ ಮಾಡಿ.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ಏನೇನು ನೋಡಬೇಕು ಅಂತ ಹೇಳುತ್ತೇನೆ, ಯಾವ ಕಂಪನಿಯದ್ದಾದರೂ ಇದು ಒಂದೇ. ಮೊದಲು ಬ್ಯಾರೆಲ್ ಕೂರುವ ಜಾಗ. ಬ್ಯಾರೆಲ್ ಮುರಿಯುವ ರೈಫಲ್‌ನಲ್ಲಿ ಎಲ್ಲಾ ಕಥೆ ಆ ಕೀಲಿನ ಮೇಲೆ ನಿಂತಿದೆ. ಬ್ಯಾರೆಲ್ ಪೂರ್ತಿ ಕೆಳಗೆಳೆದು, ಒಂದು ಕೈಯಲ್ಲಿ ಹಿಡಿದುಕೊಂಡೇ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಚೂರೂ ಅಲುಗಬಾರದು. ಕಾಕ್ ಆದ ಮೇಲೆ ಹಿಡಿತ ಸ್ವಲ್ಪ ಸಡಿಲಿಸಿ ನೋಡಿ, ಬ್ಯಾರೆಲ್ ಇದ್ದ ಜಾಗದಲ್ಲೇ ನಿಂತರೆ ಕೀಲು ಹದವಾಗಿದೆ, ತಾನಾಗಿ ಕೆಳಗೆ ಜೋತುಬಿದ್ದರೆ ಸಡಿಲ. ಕೀಲಿನಲ್ಲಿ ಬಿಗಿ ಮಾಡಬಹುದಾದ ಬೋಲ್ಟ್ ಇದ್ದರೆ ಸರಿಪಡಿಸಬಹುದು, ಬರೀ ಪಿನ್ ಹೊಡೆದು ಕೂರಿಸಿದ್ದರೆ ಸವೆದ ಮೇಲೆ ಏನೂ ಮಾಡಲಾಗದು. ಬ್ಯಾರೆಲ್ ಮುಚ್ಚುವಾಗ ಗಟ್ಟಿಯಾಗಿ ಒಂದು ಕ್ಲಿಕ್ ಬರಬೇಕು.

ಆಮೇಲೆ ಬ್ಯಾರೆಲ್ ಬಾಯಿ ನೋಡಿ. ಬೆಳಕಿಗೆ ಹಿಡಿದರೆ ಅಂಚು ಸುತ್ತಲೂ ಒಂದೇ ಸಮ ಕಾಣಬೇಕು. ಅಲ್ಲಿ ಒಂದು ಚಿಕ್ಕ ಮುಕ್ಕು ಇದ್ದರೂ ಪೆಲೆಟ್ ಹೊರಬೀಳುವ ಕೊನೆ ಗಳಿಗೆಯಲ್ಲಿ ಗಾಳಿ ಒಂದು ಕಡೆಯಿಂದ ಜಾಸ್ತಿ ನುಗ್ಗಿ ಅದನ್ನು ಓರೆ ಮಾಡುತ್ತದೆ. ಕೀಲಿನ ಹತ್ತಿರ ಬ್ಯಾರೆಲ್ ಹಿಂಭಾಗದಲ್ಲಿ ಒಂದು ರಬ್ಬರಿನಂಥ ಉಂಗುರ ಇರುತ್ತದೆ, ಗಾಳಿ ಸೋರದ ಹಾಗೆ ತಡೆಯುವುದು ಅದೇ. ಬಿರುಕು ಬಿಟ್ಟಿರಬಾರದು, ಚಪ್ಪಟೆ ಆಗಿರಬಾರದು. ಬಳಸಿದ ರೈಫಲ್ ಕೊಳ್ಳುತ್ತಿದ್ದರೆ ತೆಳ್ಳನೆಯ ಟಿಶ್ಯೂ ಕಾಗದದ ಒಂದು ಪಟ್ಟಿ ಆ ಸಂದಿನ ಮೇಲೆ ಇಟ್ಟು, ಪೆಲೆಟ್ ಹಾಕಿ, ಸುರಕ್ಷಿತವಾದ ಕಡೆಗೆ ಒಂದು ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ. ಪೆಲೆಟ್ ಇಲ್ಲದೆ ಮಾತ್ರ ಯಾವತ್ತೂ ಹೊಡೆಯಬೇಡಿ. ಪೆಲೆಟ್ ಇಲ್ಲದಿದ್ದರೆ ಗಾಳಿಗೆ ತಡೆ ಇಲ್ಲ, ಪಿಸ್ಟನ್ ಲೋಹಕ್ಕೆ ಲೋಹ ಬಡಿಯುತ್ತದೆ. "ಟ್ರಿಗರ್ ನೋಡಿ ಸರ್" ಅಂತ ಮಾರುವವರೇ ಖಾಲಿ ಹೊಡೆದು ತೋರಿಸಿದರೆ ಆ ಪ್ರದರ್ಶನದ ತುಂಡನ್ನು ಕೊಳ್ಳಬೇಡಿ, ಅದು ಹೀಗೆ ಎಷ್ಟು ಸಲ ಬಡಿಸಿಕೊಂಡಿದೆಯೋ!

ಸ್ಟಾಕ್ ಮರದ್ದಾ ಪ್ಲಾಸ್ಟಿಕ್ಕಾ ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಟೊಳ್ಳು ಸದ್ದು ಬರಬಾರದು, ಕೆನ್ನೆ ಇಟ್ಟರೆ ಕಣ್ಣು ತಾನಾಗಿ ಗುರಿಕಟ್ಟಿನ ನೇರಕ್ಕೆ ಬರಬೇಕು. ಅಷ್ಟು ಸಾಕು.

ಬೇರೆ ಯಾವುದನ್ನು ನೋಡಬಹುದು? ಸ್ವಲ್ಪ ಜಾಸ್ತಿ ಶಕ್ತಿ ಬೇಕು ಅಂದರೆ ಅದೇ ವೈರೌಖ್‌ನ ಎಚ್‌ಡಬ್ಲ್ಯೂ 50 ಎಸ್. ಅದೇ ಟ್ರಿಗರ್, ಸ್ವಲ್ಪ ದೊಡ್ಡ ಮೈ, ಕಾಕ್ ಮಾಡುವುದು ಇದರಲ್ಲೂ ಸುಲಭವೇ. ಒಂದೇ ರೈಫಲ್ ಇಟ್ಟುಕೊಳ್ಳುವೆ, 30 ಮೀಟರ್‌ವರೆಗೂ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಎಚ್‌ಡಬ್ಲ್ಯೂ 95 ಅದಕ್ಕಿಂತ ಬಲ, ಅಮೆರಿಕದಲ್ಲಿ ಬೀಮನ್ ಆರ್ 9 ಅಂತ ಮಾರಿದ್ದಾರೆ. ರೈಫಲ್ ತುಂಬಾ ಚೆನ್ನಾಗಿದೆ, ಆದರೆ ಹಿಡಿಯುವುದನ್ನು ಕಲಿತವರ ಕೈಯಲ್ಲಿ ಮಾತ್ರ. ಮೊದಲ ರೈಫಲ್ ಆಗಿ ಬೇಡ.

ಡಯಾನಾ 34 ಬಗ್ಗೆ ತುಂಬಾ ಜನ ಕೇಳುತ್ತಾರೆ. ಡಯಾನಾ 1890ರಲ್ಲಿ ರಾಸ್ಟಾಟ್‌ನಲ್ಲಿ ಶುರುವಾದ ಹಳೆಯ ಹೆಸರು, 34 ಮಾದರಿ 1980ರ ದಶಕದಿಂದ ಇದೆ. ಗಟ್ಟಿಮುಟ್ಟು, ವರ್ಷಾನುಗಟ್ಟಲೆ ಬಾಳುತ್ತದೆ, ಟಿ06 ಟ್ರಿಗರ್ ಇರುವುದು ಸಿಕ್ಕರೆ ಟ್ರಿಗರ್ ಕೂಡ ಚೆನ್ನಾಗಿದೆ. ಆದರೆ ಉದ್ದ, ಏಟು ಒರಟು. ಇದರಲ್ಲಿ ಬ್ಯಾರೆಲ್ ಸ್ವಲ್ಪ ಕೆಳಮುಖವಾಗಿ ಕೂರುವುದು ಸಾಮಾನ್ಯ, ಸ್ಕೋಪ್ ಹಾಕಿದಾಗ ಪೆಲೆಟ್ ಕೆಳಗೆ ಬೀಳುತ್ತದೆ, ಸ್ಕೋಪಿನ ತಿರುಗಣೆ ಮುಗಿದರೂ ಮೇಲೆ ಬರುವುದಿಲ್ಲ. ಅದಕ್ಕೆಂದೇ ಹಿಂಭಾಗ ಎತ್ತರ ಇರುವ ಮೌಂಟ್ (ಸ್ಕೋಪ್ ಹಿಡಿದು ಕೂರಿಸುವ ಪಟ್ಟಿ) ಸಿಗುತ್ತದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ಹಿಂದಿನ ಗುರಿಕಟ್ಟು ಬಳಸುವವರಿಗೆ ಈ ತಲೆನೋವೇ ಇಲ್ಲ.

ಬ್ಯಾರೆಲ್ ಅಲುಗದೆ ಒಂದೇ ಕಡೆ ಕಚ್ಚಿಕೊಂಡಿರಬೇಕು ಅಂದರೆ ಕೆಳಗಿನ ಲಿವರ್ ಎಳೆದು ಕಾಕ್ ಮಾಡುವವು. ವೈರೌಖ್‌ನ ಎಚ್‌ಡಬ್ಲ್ಯೂ 97 ಕೆ, ಇಂಗ್ಲೆಂಡಿನ ಏರ್ ಆರ್ಮ್ಸ್ ಕಂಪನಿಯ ಟಿಎಕ್ಸ್ 200, ಇವೆರಡೂ ಸ್ಪ್ರಿಂಗ್ ರೈಫಲ್‌ಗಳಲ್ಲಿ ನಾನು ಕಂಡ ಅತ್ಯುತ್ತಮ. ಟಿಎಕ್ಸ್ 200 ಒಳಗಿನ ಕೆಲಸ ಎಷ್ಟು ನಯ ಅಂದರೆ ಸ್ಪ್ರಿಂಗ್ ಸದ್ದೇ ಇಲ್ಲ, ಒಂದು ಮಂದ ತಟ್ಟು ಅಷ್ಟೇ. ಆದರೆ ಸ್ಕೋಪ್ ಇಲ್ಲದೆಯೇ ಎರಡೂ 4 ಕೆ.ಜಿ. ಆಸುಪಾಸು ತೂಗುತ್ತವೆ. ಗುರಿಕಟ್ಟು ಕೊಡುವುದಿಲ್ಲ, ಸ್ಕೋಪ್ ಕಡ್ಡಾಯ. ನಿಂತು ಹೊಡೆಯುವವರ ಎಡತೋಳಿಗೆ ಕಷ್ಟ, ಕೂತು ಹೊಡೆಯುವವರಿಗೆ ಆ ತೂಕವೇ ವರ, ಕುಲುಕನ್ನು ನುಂಗಿಬಿಡುತ್ತದೆ. ಒಂದು ಎಚ್ಚರಿಕೆ ಇದೆ. ಇವುಗಳಲ್ಲಿ ಪೆಲೆಟ್ ಇಡುವಾಗ ಬೆರಳು ಪಿಸ್ಟನ್ ಕೊಳವೆ ಮುಚ್ಚಿಕೊಳ್ಳುವ ಜಾಗಕ್ಕೇ ಹೋಗುತ್ತದೆ. ಕೊಕ್ಕೆ ಜಾರಿದರೆ ಬೆರಳು ಹೋಯಿತು. ಟಿಎಕ್ಸ್ 200ರಲ್ಲಿ ಲಿವರ್ ಎಳೆಯುವಾಗ ಕಟಕಟ ಅಂತ ಹಲ್ಲುಗಳು ಹಿಡಿಯುವ ತಡೆ ಇದೆ, ಎಚ್‌ಡಬ್ಲ್ಯೂ 97ರಲ್ಲೂ ತಡೆ ಇದೆ, ಆದರೂ ಪೆಲೆಟ್ ಇಡುವಷ್ಟು ಹೊತ್ತು ಇನ್ನೊಂದು ಕೈ ಲಿವರ್ ಬಿಡಲೇಬಾರದು. ಬ್ಯಾರೆಲ್ ಮುರಿಯುವ ರೈಫಲ್‌ನಲ್ಲೂ ಇದೇ ನಿಯಮ. ಬ್ಯಾರೆಲ್ ತೆರೆದಿರುವಾಗ ಟ್ರಿಗರ್ ಹಾರಿದರೆ ಅದು ಮೇಲಕ್ಕೆ ಬಡಿದು ಬ್ಯಾರೆಲ್ಲೇ ಬಾಗುತ್ತದೆ, ನಡುವೆ ಕೈ ಇದ್ದರೆ ಕೈ.

ಹಳೆಯ ಸ್ಪರ್ಧಾ ರೈಫಲ್ ಸಿಗುತ್ತದೆ ಅಂದರೆ ಫೈನ್‌ವರ್ಕ್‌ಬೌ 300 ಎಸ್ ಬಿಡಬೇಡಿ. ಹೊಡೆದಾಗ ಸ್ಟಾಕ್ ಮೇಲಿನ ಇಡೀ ಯಂತ್ರಭಾಗ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಹಿಡಿದವರಿಗೆ ಕುಲುಕೇ ತಿಳಿಯುವುದಿಲ್ಲ. ಶಕ್ತಿ ಕಡಿಮೆ, ತೂಕ ಜಾಸ್ತಿ, 10 ಮೀಟರ್‌ಗೆ ಅದನ್ನು ಮೀರಿಸುವ ಸ್ಪ್ರಿಂಗ್ ರೈಫಲ್ ನಾನು ಹಿಡಿದಿಲ್ಲ. ಒಳಗಿನ ಹಳೆಯ ಸೀಲುಗಳು ಬದಲಾಗಿವೆಯಾ ಅಂತ ಕೇಳಿ ತಗೊಳ್ಳಿ.

ಗ್ಯಾಸ್ ಪಿಸ್ಟನ್ ಈಗ ತುಂಬಾ ಬರುತ್ತಿದೆ. ಸ್ಪ್ರಿಂಗ್ ಬದಲು ಒತ್ತಿದ ಗ್ಯಾಸ್ ತುಂಬಿದ ಕೊಳವೆ. ಟ್ರ್ಯಾಂಗ್ ಸದ್ದಿಲ್ಲ, ಕಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೂ ಬಲ ಕುಗ್ಗುವುದಿಲ್ಲ, ಅದು ನಿಜ. ಆದರೆ ಏಟು ಚುರುಕಾಗಿ ಗಟ್ಟಿ ಬಡಿಯುತ್ತದೆ, ಕಾಕ್ ಮಾಡುವಾಗ ಮೊದಲಿನಿಂದಲೇ ಬಿಗಿ. ಸ್ಪ್ರಿಂಗ್ ಹಳೆಯದಾದರೆ ಮೆಲ್ಲಗೆ ಕುಗ್ಗುತ್ತದೆ, ಹೊಸದು ಹಾಕಿಕೊಂಡರೆ ಮುಗಿಯಿತು. ಗ್ಯಾಸ್ ಸೋರಿದರೆ ಇಡೀ ಕೊಳವೆಯೇ ಬದಲಿಸಬೇಕು. ನನ್ನ ಆಯ್ಕೆ ಸ್ಪ್ರಿಂಗ್.

ಕ್ಯಾಲಿಬರ್, ಅಂದರೆ ಬ್ಯಾರೆಲ್ ರಂಧ್ರದ ಅಗಲದ ಬಗ್ಗೆ ಜಾಸ್ತಿ ಚರ್ಚೆ ಬೇಡ. ಗುರಿ ಅಭ್ಯಾಸಕ್ಕೆ 4.5 ಮಿಲಿಮೀಟರ್, ಅಂದರೆ .177 ಇಂಚು. ಪೆಲೆಟ್ ಹಗುರ, ಹಾದಿ ನೇರ, ಎಲ್ಲಾ ಕಡೆ ಸಿಗುತ್ತದೆ. ಕಡಿಮೆ ಶಕ್ತಿಯ ರೈಫಲ್‌ನಲ್ಲಿ 5.5 ಹಾಕಿದರೆ ಪೆಲೆಟ್ ಕಮಾನಿನಂತೆ ಬಾಗಿ ಇಳಿಯುತ್ತದೆ. ಕೊಳ್ಳುವ ಮೊದಲು ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ಅಂತ ತಪ್ಪದೆ ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಏರ್ ರೈಫಲ್‌ಗೆ 12 ಅಡಿ-ಪೌಂಡ್ ಗೆರೆ, ಜರ್ಮನಿಯಲ್ಲಿ 7.5 ಜೂಲ್, ಎಲ್ಲಾ ಕಡೆ ಒಂದೇ ಅಲ್ಲ. ಒಂದೇ ಮಾದರಿಯನ್ನು ಬೇರೆ ಬೇರೆ ಶಕ್ತಿಯಲ್ಲಿ ಮಾಡುವುದೂ ಇದಕ್ಕೇ, ಹಾಗಾಗಿ ಹೆಸರು ನೋಡಿದರೆ ಸಾಲದು, ಶಕ್ತಿ ಎಷ್ಟು ಅಂತ ಕೇಳಿ.

ರೈಫಲ್‌ಗೆ ಕೊಟ್ಟ ಗಮನದಲ್ಲಿ ಅರ್ಧ ಪೆಲೆಟ್‌ಗೂ ಕೊಡಿ. ಜೆಎಸ್‌ಬಿ, ಎಚ್ ಅಂಡ್ ಎನ್, ಆರ್‌ಡಬ್ಲ್ಯೂಎಸ್, ಈ ಮೂರು ಕಂಪನಿಗಳ ಪೆಲೆಟ್‌ಗಳಲ್ಲಿ ಒಂದೆರಡು ಬಗೆ ತಂದು ನೋಡಿ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ಪೆಲೆಟ್ ಇಷ್ಟಪಡುವುದುಂಟು. ಬ್ಯಾರೆಲ್‌ಗೆ ಒತ್ತಿದಾಗ ಹಗುರ ತಡೆಯೊಂದಿಗೆ ಕೂರಬೇಕು, ಜಾರಿ ಒಳಗೆ ಬೀಳಬಾರದು. ಗುಂಡುಮಣಿಯಂಥ ಸ್ಟೀಲ್ ಬಿಬಿ ಯಾವತ್ತೂ ಹಾಕಬೇಡಿ, ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳನ್ನು ಕೆರೆದು ಹಾಳು ಮಾಡುತ್ತದೆ. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ.

ಹಿಡಿಯುವ ವಿಷಯದಲ್ಲಿ ಎಲ್ಲರಿಗೂ ಮೊದಲು ವಿಚಿತ್ರ ಅನಿಸುವ ಮಾತು ಒಂದಿದೆ. ಸ್ಪ್ರಿಂಗ್ ರೈಫಲ್ ಅನ್ನು ಬಿಗಿಯಾಗಿ ಹಿಡಿಯಬಾರದು. ಎಡ ಅಂಗೈ ಚಪ್ಪಟೆ ಬಿಚ್ಚಿ ಅದರ ಮೇಲೆ ರೈಫಲ್ ಸುಮ್ಮನೆ ಇರಲಿ, ಬೆರಳು ಸುತ್ತಬೇಡಿ. ಭುಜಕ್ಕೆ ತಾಗಿದ್ದರೆ ಸಾಕು, ಎಳೆದುಕೊಳ್ಳಬೇಡಿ. ಹೊಡೆದಾಗ ಅದು ಎಷ್ಟು ಅಲುಗಬೇಕೋ ಅಷ್ಟು ಅಲುಗಲಿ, ನೀವು ತಡೆಯಲು ಹೋದರೆ ಪ್ರತಿಸಲ ಒಂದೊಂದು ಥರ ತಡೆಯುತ್ತೀರಿ, ಪೆಲೆಟ್ ಒಂದೊಂದು ಕಡೆ ಬೀಳುತ್ತದೆ. ಅಂಗೈ ಇಡುವ ಜಾಗ ಒಂದಿಂಚು ಹಿಂದೆ ಮುಂದೆ ಆದರೂ ಗುರಿ ಬದಲಾಗುವುದನ್ನು ಕಾಗದದ ಮೇಲೆ ನೀವೇ ನೋಡಬಹುದು. ಎಚ್‌ಡಬ್ಲ್ಯೂ 30 ಎಸ್ ಇಲ್ಲೂ ಉದಾರಿ, ಹಿಡಿತ ಸ್ವಲ್ಪ ತಪ್ಪಿದರೂ ಸಹಿಸಿಕೊಳ್ಳುತ್ತದೆ. ಬಲದ ರೈಫಲ್‌ಗಳು ಸಹಿಸುವುದಿಲ್ಲ.

ಸ್ಕೋಪ್ ಹಾಕುವುದಾದರೆ ಏರ್ ರೈಫಲ್‌ಗೆ ಅಂತಲೇ ಮಾಡಿದ್ದು ಬೇಕು. ಎರಡು ದಿಕ್ಕಿನ ಕುಲುಕು ಮಾಮೂಲಿ ಸ್ಕೋಪಿನ ಒಳಗಿನ ಗಾಜನ್ನೇ ಸಡಿಲಿಸುತ್ತದೆ. 10 ಮೀಟರ್‌ಗೂ ಸ್ಪಷ್ಟ ಕಾಣುವ ಹಾಗೆ ಮುಂಭಾಗ ಅಥವಾ ಪಕ್ಕದ ಚಕ್ರ ತಿರುಗಿಸಿ ಹೊಂದಿಸುವಂಥದ್ದು ತಗೊಳ್ಳಿ. ಮೌಂಟ್ ಒಂದೇ ತುಂಡಿನದ್ದಾದರೆ ಒಳ್ಳೆಯದು, ಏಟಿಗೆ ಹಿಂದಕ್ಕೆ ಜಾರದ ಹಾಗೆ ತಡೆಯುವ ಪಿನ್ ಇದ್ದರೆ ಇನ್ನೂ ಒಳ್ಳೆಯದು. ಎಚ್‌ಡಬ್ಲ್ಯೂ 30 ಮೇಲೆ ದೊಡ್ಡ ಕಣ್ಣಿನ ಭಾರೀ ಸ್ಕೋಪ್ ಕೂರಿಸುವವರನ್ನು ನೋಡಿದ್ದೇನೆ. ಮೂಗಿಗಿಂತ ಮೂಗುತಿ ಭಾರ. ಚಿಕ್ಕದೊಂದು 2-7 ಪಟ್ಟಿನದು ಸಾಕು.

ಹೊಸ ರೈಫಲ್ ಮೊದಲ ದಿನಗಳಲ್ಲಿ ಸ್ವಲ್ಪ ಹೊಗೆ ಬಿಡುತ್ತದೆ, ಸುಟ್ಟ ಎಣ್ಣೆ ವಾಸನೆ ಬರುತ್ತದೆ, ಕೆಲವು ಏಟು ಜೋರಾಗಿ ಸಿಡಿಯುತ್ತವೆ. ಒಳಗೆ ಉಳಿದ ಎಣ್ಣೆ ಆ ಬಿಸಿಗೆ ಉರಿಯುವುದರಿಂದ ಹೀಗೆ. ಕೆಲವು ನೂರು ಪೆಲೆಟ್ ಹೋಗುವವರೆಗೆ ಗುರಿಯನ್ನು ಅಳೆಯಬೇಡಿ, ಆಮೇಲೆ ತಾನಾಗಿ ಹದಕ್ಕೆ ಬರುತ್ತದೆ. ಚೆನ್ನಾಗಿ ನೋಡಿಕೊಳ್ಳಬೇಕು ಅನ್ನುವ ಪ್ರೀತಿಯಲ್ಲಿ ಗಾಳಿ ಹೋಗುವ ರಂಧ್ರಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಅದು ಉರಿದು ಸಿಡಿಯುತ್ತದೆ, ಸೀಲ್ ಸುಡುತ್ತದೆ. ಕೀಲಿಗೆ, ಕಾಕ್ ಮಾಡುವ ಸಲಾಕೆಗೆ ಚೂರು ಮಾಲಿಬ್ಡಿನಮ್ ಗ್ರೀಸ್, ಹೊರಮೈಗೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಬಟ್ಟೆ. ಬೆವರು ಕೈಯಿಂದ ಮುಟ್ಟಿದ್ದನ್ನು ಒರೆಸದೆ ಇಟ್ಟರೆ ನೀಲಿ ಬಣ್ಣದ ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಕಾಕ್ ಮಾಡಿ ಗಂಟೆಗಟ್ಟಲೆ ಬಿಡಬೇಡಿ, ಸ್ಪ್ರಿಂಗ್ ಕುಗ್ಗಿ ಬಲ ಕಳೆದುಕೊಳ್ಳುತ್ತದೆ.

ಗುರಿಯ ಹಿಂದೆ ಏನಿದೆ ಅನ್ನುವುದು ರೈಫಲ್ ಆಯ್ಕೆಗಿಂತ ಮೊದಲು ಯೋಚಿಸಬೇಕಾದ ವಿಷಯ. 7.5 ಜೂಲ್ ಅಂದರೂ ಕಣ್ಣು ಕಳೆಯುವಷ್ಟು ಬಲ ಇದೆ. ಗಟ್ಟಿ ಲೋಹದ ಮೇಲೆ ನೇರ ಹೊಡೆದರೆ ಪೆಲೆಟ್ ಚೂರು ವಾಪಸ್ ಹಾರಿ ಬರುತ್ತದೆ. ಓರೆ ತಗಡಿನ ಪೆಲೆಟ್ ಟ್ರ್ಯಾಪ್ ಇಡಿ, ಇಲ್ಲವೇ ದಪ್ಪ ಡಬ್ಬಕ್ಕೆ ಹಳೆ ಬಟ್ಟೆ ಬಿಗಿಯಾಗಿ ತುರುಕಿ ಹಿಂದೆ ಮರದ ಹಲಗೆ ಕೊಡಿ. ಹೊಡೆಯುವವರು, ಪಕ್ಕದಲ್ಲಿ ನಿಂತವರು ಎಲ್ಲರೂ ಕನ್ನಡಕ ಹಾಕಬೇಕು.

ಒಬ್ಬೊಬ್ಬರಿಗೆ ಯಾವುದು ಅಂತ ಕೇಳಿದರೆ: ಹೊಸಬರಿಗೆ, ಮನೆಯ ಹತ್ತಿರ 10 ರಿಂದ 20 ಮೀಟರ್ ಜಾಗ ಇರುವವರಿಗೆ ಎಚ್‌ಡಬ್ಲ್ಯೂ 30 ಎಸ್, ಎರಡನೇ ಮಾತಿಲ್ಲ. ಜಾಗ ಜಾಸ್ತಿ ಇದ್ದರೆ 50 ಎಸ್. ಕೂತು, ಸ್ಕೋಪ್ ಹಾಕಿ ದೂರ ಹೊಡೆಯುವ ಹಂಬಲ ಇದ್ದರೆ 97 ಕೆ ಅಥವಾ ಟಿಎಕ್ಸ್ 200, ಯಾವುದು ಕೆನ್ನೆಗೆ ಹೊಂದುತ್ತದೋ ಅದು. ಈ ಹೆಸರುಗಳು ಯಾವುದೂ ಸಿಗದಿದ್ದರೆ ಸಿಗುವುದರಲ್ಲೇ ಸ್ಪ್ರಿಂಗ್ ಕಡಿಮೆ ಬಲದ್ದು, ಬ್ಯಾರೆಲ್ ಬಿಗಿಯಾಗಿ ಕೂರುವುದು, ಟ್ರಿಗರ್ ಎರಡು ಹಂತದಲ್ಲಿ ಸ್ಪಷ್ಟವಾಗಿ ಬಿಡುವುದು ಹುಡುಕಿ. ಟ್ರಿಗರ್ ಕೆಟ್ಟದಾಗಿದ್ದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಬಿಟ್ಟು ಬನ್ನಿ.